ಹೊಲಿಗೆ ಮಿಷನ್ನಿಗೆ ಜಾಗ ಇದೆ, ಲುಸಾಂಗಾಕ್ಕೆ ಇಲ್ಲ

ಮಾನ್ಯರೇ,

ಶನಿವಾರ ನಮ್ಮ ಸಭಾಂಗಣದಲ್ಲಿ ನಡೆದ ಹೊಲಿಗೆ ಮಿಷನ್ ವಿತರಣೆಯ ವರದಿ ನಿಮ್ಮ ಪತ್ರಿಕೆಯಲ್ಲಿ ಬಣ್ಣದ ಫೋಟೊ ಸಮೇತ ಬಂದಿದೆ. ಸಂತೋಷ. ಅದೇ ಹೊತ್ತಿಗೆ ಅಲ್ಲೇ ನಡೆಯಬೇಕಿದ್ದ, ಕಾಂಗೋ ದೇಶದ ಲುಸಾಂಗಾ ಊರಿನ ಕಲಾವಿದರ ಕುರಿತ ಸ್ಲೈಡ್ ಉಪನ್ಯಾಸ ರದ್ದಾಯಿತು ಅನ್ನುವುದಕ್ಕೆ ಮಾತ್ರ ಒಂದು ಸಾಲೂ ಇಲ್ಲ.

ನಾನು ಮಂಡಿನೋವು ಕಟ್ಟಿಕೊಂಡು, ಆಟೋಗೆ 120 ರೂಪಾಯಿ ತೆತ್ತು ಬಂದವನು. ಬಾಗಿಲಲ್ಲೇ ತಡೆದರು. ‘ಸಾಹೇಬ್ರು ಬರ್ತಾರೆ, ನಿಮ್ದು ಇನ್ನೊಂದಿನ ಇಟ್ಕೊಳ್ಳಿ ಸಾರ್.’ ಸಾಹೇಬರು ಬಂದದ್ದು ಎರಡು ಗಂಟೆ ತಡವಾಗಿ. ಮಿಷನ್ ಪಡೆಯುವ ಹೆಂಗಸರು ಅಲ್ಲೀತನಕ ಮಕ್ಕಳನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದರು. ಫೋಟೊ ಸರಿಯಾಗಿ ಬರಲಿಲ್ಲವೆಂದು ಒಬ್ಬಾಕೆಗೆ ಅದೇ ಮಿಷನ್ ಎರಡು ಸಲ ಕೊಟ್ಟರು! ನಿಮ್ಮ ಫೋಟೊದಲ್ಲಿ ಕೊಟ್ಟವರು ಏಳು ಜನ. ತಗೊಂಡಾಕೆಯ ಮುಖ ಹಾರದ ಹಿಂದೆ.

ಉಪನ್ಯಾಸಕ್ಕೆಂದೇ ವಾರವಿಡೀ ಓದಿಕೊಂಡಿದ್ದೆ. ಲುಸಾಂಗಾ ಅಂದರೆ 1911ರಲ್ಲಿ ತಾಳೆ ಎಣ್ಣೆಗಾಗಿ ಲೀವರ್ ಕಂಪನಿ ಹಿಡಿದ ನೆಲ. ಊರಿನ ಹೆಸರನ್ನೇ ಲೀವರ್‌ವಿಲ್ ಅಂತ ಮಾಡಿದ್ದರು. ನಮ್ಮಜ್ಜಿ ಬಟ್ಟೆಗೆ ಉಜ್ಜುತ್ತಿದ್ದ ಸನ್‌ಲೈಟ್ ಸೋಪು ಅದೇ ಕಂಪನಿಯದು. ಮುಂದೆ ಆ ಕಂಪನಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನಲ್ಲಿ ಕಲಾ ಪ್ರದರ್ಶನಗಳಿಗೆ ವರ್ಷಗಟ್ಟಲೆ ದುಡ್ಡು ಕೊಟ್ಟಿತು. ಲುಸಾಂಗಾಕ್ಕೆ ಉಳಿದದ್ದು ಸವೆದ ಮಣ್ಣು.

2014ರಲ್ಲಿ ಅಲ್ಲಿನ ತೋಟದ ಕೂಲಿಗಳು ಡಚ್ ಕಲಾವಿದ ರೆಂಜೊ ಮಾರ್ಟೆನ್ಸ್ ಜೊತೆ ಸೇರಿ ಕಲಾವಿದರ ಸಂಘ ಕಟ್ಟಿದರು. ಹೊಳೆ ಮಣ್ಣಿನಲ್ಲಿ ಮೂರ್ತಿ ಮಾಡುತ್ತಾರೆ. ಅದನ್ನು ಸ್ಕ್ಯಾನ್ ಮಾಡಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಚಾಕೊಲೇಟಿನಲ್ಲಿ ಎರಕ ಹೊಯ್ಯುತ್ತಾರೆ. 2017ರಲ್ಲಿ ನ್ಯೂಯಾರ್ಕ್‌ನಲ್ಲಿ ಇಟ್ಟರು, 2024ರಲ್ಲಿ ವೆನಿಸ್ ಬಿನಾಲೆ ಅನ್ನುವ ಜಾಗತಿಕ ಕಲಾ ಮೇಳದ ನೆದರ್‌ಲೆಂಡ್ಸ್ ಮಂಟಪವೇ ಇವರದಾಯಿತು. ಮಾರಿದ ದುಡ್ಡಲ್ಲಿ ಆ ಹಳೇ ತೋಟದ ನೆಲವನ್ನೇ ಕೊಂಡು ಮರ ನೆಟ್ಟಿದ್ದಾರೆ. ಸಾಹುಕಾರ ದೇಶ ಬಡದೇಶಕ್ಕೆ ಕೈಯೆತ್ತಿ ಕೊಡುವುದು ರೂಢಿ. ಇಲ್ಲಿ ಸಾಹುಕಾರರೇ ಸಾಲಲ್ಲಿ ನಿಂತು ಕೂಲಿಗಳ ಕೈಕೆಲಸ ನೋಡಿದರು. ಹಾರವಿಲ್ಲ, ಸಾಹೇಬರಿಲ್ಲ. ಇದನ್ನು ಆ ಹೆಂಗಸರೂ ಕೂತು ನೋಡಬಹುದಿತ್ತು, ಅಲ್ವಾ?

ಇದೇ ಸಭಾಂಗಣದ ಶೌಚಾಲಯಕ್ಕೆ ಬೀಗ ಬಿದ್ದು ವರ್ಷವಾಯಿತು. ಕೀಲಿ ಯಾರ ಹತ್ತಿರ ಅಂದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. ನನ್ನ ಪಿಂಚಣಿ ಕಡತವೂ ಹೀಗೇ ಹನ್ನೊಂದು ಸಲ ಮೇಜು ಬದಲಿಸಿತ್ತು. ಅಧಿಕಾರಿಗಳು ಬದಲಾಗುತ್ತಾರೆ, ‘ನಾಳೆ ಬನ್ನಿ’ ಮಾತ್ರ ಹಾಗೇ ಇರುತ್ತೆ.

ಆ ಉಪನ್ಯಾಸವನ್ನು ಮತ್ತೆ ಇಡಿಸಲಿ. ಇಲ್ಲವೇ ಸಭಾಂಗಣಕ್ಕೂ ಒಂದು ಬೀಗ ಜಡಿಯಲಿ, ಸುಮ್ನೆ ಆಟೋ ದುಡ್ಡಾದರೂ ಉಳಿಯುತ್ತೆ. ನನ್ನ 120 ರೂಪಾಯಿಯನ್ನು ಅವರು ವೇದಿಕೆ ಮೇಲೆ ವಿತರಿಸುವುದಾದರೂ ಸರಿಯೇ. ಹಾರ ನಾನೇ ತರುತ್ತೇನೆ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಮೈಸೂರು