ಕಪ್ಪಾಗಿದ್ದರೆ ಒಳ್ಳೆಯದು, ಅಪ್ಪಾ

ನಾಟಿಂಗ್‌ಹ್ಯಾಮ್
ನವೆಂಬರ್ 16

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲ ಕ್ಷೇಮ.

ನಿಮ್ಮ ಅಪ್ಪನಿಗೆ ನೀವು ಹೀಗೇ ಬರೆಯುತ್ತಿದ್ದಿರಿ ಅಂತ ಅಮ್ಮ ಹೇಳಿದ್ದಳು, ಅದಕ್ಕೆ ಆ ಸಾಲು. ಇನ್ನು ಮುಂದೆ ನನ್ನ ಧಾಟಿ. ಫೋನಿನಲ್ಲಿ ಹೇಳಿದರೆ ನೀವು ಎಲ್ಲದಕ್ಕೂ "ಹ್ಞೂಂ ಹ್ಞೂಂ" ಅಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವಾದರೆ ಎರಡು ಸಲ ಓದುತ್ತೀರಿ ಅನ್ನೋದು ನನ್ನ ಲೆಕ್ಕ.

ಪುಟ್ಟ ಕಳಿಸಿದ ನಿಮ್ಮ ಹಿಮ್ಮಡಿಯ ಎಂಆರ್‌ಐ ಸ್ಕ್ಯಾನಿನ ರಿಪೋರ್ಟ್ ನೋಡಿದೆ. ಸಿಡಿಯಲ್ಲಿದ್ದ ಚಿತ್ರಗಳನ್ನೂ ಕಳಿಸಿದ್ದ, ರಾತ್ರಿ ಕೂತು ಒಂದೊಂದಾಗಿ ನೋಡಿದೆ. ಬೆಳಗ್ಗಿಂದ ಸಂಜೆವರೆಗೆ ಬೇರೆಯವರ ಕಾಲು, ಮಂಡಿ, ಭುಜ ಚಿತ್ರ ತೆಗೆಯುವವಳಿಗೆ ಸ್ವಂತ ಅಪ್ಪನ ಹಿಮ್ಮಡಿ ಪರದೆ ಮೇಲೆ ಬಂದರೆ ಏನಾಗುತ್ತದೆ ಅಂತ ಗೊತ್ತಿರಲಿಲ್ಲ. ಮೊದಲು ಹೆಸರು ಸರಿ ಇದೆಯಾ ಅಂತ ಮೂರು ಸಲ ನೋಡಿದೆ. ಆಮೇಲೆ ಎದ್ದು ಚಹಾ ಮಾಡಿಕೊಂಡೆ.

ನೀವು ರಿಪೋರ್ಟ್ ಓದಿ "ನರ ಕೊಳೆತಿದೆಯಂತೆ" ಅಂತ ಚಿಕ್ಕಪ್ಪನಿಗೆ ಹೇಳಿದಿರಂತೆ. ಅಪ್ಪಾ, ಯಾವುದೂ ಕೊಳೆತಿಲ್ಲ. ಅದು ನರವೂ ಅಲ್ಲ. ನಮ್ಮ ಕಡೆ ರಕ್ತ ಹರಿಯುವುದೂ ನರ, ಮೆದುಳಿಂದ ಬರುವುದೂ ನರ, ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಹಗ್ಗವೂ ನರ. ನಿಮಗೆ ನೋವಿರುವುದು ಈ ಮೂರನೆಯದರಲ್ಲಿ. ಪಠ್ಯಪುಸ್ತಕದಲ್ಲಿ ಸ್ನಾಯುರಜ್ಜು ಅಂತಾರೆ, ನಾನು ಹಗ್ಗ ಅಂತಲೇ ಬರೆಯುತ್ತೇನೆ. ಮೀನಖಂಡದಿಂದ ಹೊರಟು ಹಿಮ್ಮಡಿ ಮೂಳೆಗೆ ಬಂದು ಕಟ್ಟಿಕೊಳ್ಳುವ ಇದು ಮೈಯಲ್ಲೇ ಎಲ್ಲಕ್ಕಿಂತ ದಪ್ಪನೆಯದು, ಗಟ್ಟಿಯದು. ನಾರಿನ ಹಗ್ಗದ ಹಾಗೆ ಇದರ ಎಳೆಗಳೂ ಕೆಳಗೆ ಬರುತ್ತಾ ಹುರಿಗೊಂಡಿರುತ್ತವೆ. ಹಿಮ್ಮಡಿಯಿಂದ ಎರಡರಿಂದ ಆರು ಸೆಂಟಿಮೀಟರ್ ಮೇಲೆ ರಕ್ತದ ಓಡಾಟ ಕಡಿಮೆ, ಹೆಚ್ಚಾಗಿ ಸವೆಯುವುದೂ ಅಲ್ಲೇ. ನೀವು ಬೆರಳಿಟ್ಟು "ಇಲ್ಲಿ" ಅಂತ ವಿಡಿಯೊದಲ್ಲಿ ತೋರಿಸಿದ ಜಾಗ ಅದೇ.

ಈಗ ಚಿತ್ರದ ವಿಷಯ. ಎಂಆರ್‌ಐಯಲ್ಲಿ ಒಳ್ಳೆಯ ಹಗ್ಗ ಕಪ್ಪಗೆ ಕಾಣಬೇಕು. ಕಪ್ಪು ಅಂದರೆ ಕೆಟ್ಟಿದ್ದು ಅಂತ ಅಮ್ಮ ಹೆದರಿದ್ದಾಳೆ, ಅದು ಪೂರ್ತಿ ಉಲ್ಟಾ.

ನಿಮ್ಮ ಶಾಲೆಯ ಗಂಟೆ ನೆನಪಿದೆಯಾ? ಜಗುಲಿಗೆ ನೇತುಹಾಕಿದ ರೈಲು ಹಳಿಯ ತುಂಡು. ಹೊಡೆದು ಬಿಟ್ಟರೆ ಊರಿಗೆಲ್ಲ ಕೇಳುತ್ತಿತ್ತು. ಹೊಡೆದ ಕೂಡಲೇ ಕೈಯಲ್ಲಿ ಹಿಡಿದುಕೊಂಡರೆ "ಠಕ್" ಅಂತ ಸತ್ತುಹೋಗುತ್ತಿತ್ತು. ಈ ಮಷೀನು ಮೈಯಲ್ಲಿರುವ ನೀರನ್ನು ಹಾಗೆ ಬಡಿದು, ಆಮೇಲೆ ಕಿವಿಗೊಟ್ಟು ಕೇಳುತ್ತದೆ. ಕೊಬ್ಬಿನಲ್ಲಿ, ಮಾಂಸದಲ್ಲಿ ದನಿ ತುಸು ಹೊತ್ತು ಉಳಿಯುತ್ತದೆ. ಹಗ್ಗದಲ್ಲೂ ನೀರು ಬೇಕಾದಷ್ಟಿದೆ, ಆದರೆ ಒತ್ತಾಗಿ ಹೆಣೆದ ಕೊಲಾಜೆನ್ ಎಳೆಗಳು ಅದನ್ನು ಗಟ್ಟಿಯಾಗಿ ಹಿಡಿದಿರುತ್ತವೆ. ಅದರ ದನಿ ಒಂದೆರಡು ಮಿಲಿಸೆಕೆಂಡಿನಲ್ಲೇ ಅಡಗಿಹೋಗುತ್ತದೆ. ನಾವು ದಿನಾ ತೆಗೆಯುವ ಚಿತ್ರಗಳಲ್ಲಿ ಮಷೀನು ಕಿವಿ ತೆರೆಯುವುದೇ ಹತ್ತು ಮಿಲಿಸೆಕೆಂಡ್ ಆದ ಮೇಲೆ. ಅಷ್ಟರಲ್ಲಿ ಅಲ್ಲಿ ಮೌನ. ಮೌನವೇ ಕಪ್ಪು.

ಎಳೆಗಳು ಸವೆದು ಸಡಿಲವಾದರೆ ನೀರಿನ ಮೇಲಿನ ಹಿಡಿತವೂ ಸಡಿಲ. ಆಗ ದನಿ ಉಳಿಯುತ್ತದೆ, ಕಪ್ಪಿನ ನಡುವೆ ಬೂದು ಕಾಣುತ್ತದೆ. ಹರಿದು ನೀರು ತುಂಬಿಕೊಂಡರೆ ಬೆಳ್ಳಗೆ ಹೊಳೆಯುತ್ತದೆ. ನಿಮ್ಮದರಲ್ಲಿ ಬೂದು ಇದೆ, ಹೊಳೆಯುವ ಬಿಳಿ ಇಲ್ಲ. "ಹರಿದಿಲ್ಲ" ಅಂತ ರಿಪೋರ್ಟಿನ ಕೊನೆ ಸಾಲಿನಲ್ಲೇ ಬರೆದಿದ್ದಾರೆ. ನೀವು ಅಲ್ಲಿವರೆಗೆ ಓದಲೇ ಇಲ್ಲ ಅಲ್ವಾ?

ದಪ್ಪ ಆಗಿರುವುದು ಮಾತ್ರ ನಿಜ. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆ ಹೆಚ್ಚಿದ ಹಾಗೆ ಕಾಲನ್ನು ಅಡ್ಡಡ್ಡ ತೋರಿಸುವ ಚಿತ್ರಗಳಿವೆ. ಅದರಲ್ಲಿ ಒಳ್ಳೆಯ ಹಗ್ಗ ಗೋಡಂಬಿಯ ಹಾಗೆ, ಮುಂದಿನ ಬದಿ ಸಪಾಟು ಅಥವಾ ತುಸು ತಗ್ಗು, ದಪ್ಪ ಸುಮಾರು ಆರು ಮಿಲಿಮೀಟರ್. ನಿಮ್ಮದು ಹತ್ತು ಇದೆ, ಎರಡೂ ಬದಿ ಉಬ್ಬಿ ಅಡಿಕೆಯ ಹಾಗೆ ದುಂಡಗಾಗಿದೆ. ಇದು ಒಂದು ದಿನದಲ್ಲಿ ಆದದ್ದಲ್ಲ. ಯಾವ ವರ್ಷದಿಂದ ಕುಂಟುತ್ತಿದ್ದೀರಿ ಅಂತ ಈಗಲಾದರೂ ಅಮ್ಮನಿಗೆ ಹೇಳಿ.

ಇನ್ನೊಂದು ಸಾಲು ನಿಮ್ಮ ನಿದ್ದೆ ಕೆಡಿಸಿದ್ದು: ಹರಡಿನ ಹೊರಬದಿ ಉಬ್ಬಿದ ಮೂಳೆಯ ಕೆಳಗೆ ಹಾದುಹೋಗುವ ಹಗ್ಗದಲ್ಲೂ ಬಣ್ಣ ಬದಲಾಗಿದೆ ಅನ್ನೋದು. ನಿಮಗೆ ಅಲ್ಲಿ ನೋವೇ ಇಲ್ಲ ಅಂದಿರಿ, ನನಗೆ ಆಗಲೇ ಅನುಮಾನ ಬಂತು. ಮಷೀನಿನ ಅಯಸ್ಕಾಂತದ ದಿಕ್ಕಿಗೆ ಹಗ್ಗ ಸುಮಾರು 55 ಡಿಗ್ರಿ ಓರೆಯಾಗಿದ್ದರೆ ಚೆನ್ನಾಗಿರುವ ಹಗ್ಗವೂ ಬೂದಾಗಿ ಕಾಣುತ್ತದೆ. ಆ ಒಂದು ಕೋನದಲ್ಲಿ, ಗಂಟೆ ಹಿಡಿದ ಕೈ ಬಿಟ್ಟ ಹಾಗೆ. ನಾವು ಅದಕ್ಕೆ ಮ್ಯಾಜಿಕ್ ಆ್ಯಂಗಲ್ ಅಂತೀವಿ. ಹಿಮ್ಮಡಿ ಹಗ್ಗ ನೆಟ್ಟಗೆ ಇಳಿಯುತ್ತದೆ, ಅದಕ್ಕೆ ಈ ಕಾಟ ಕಡಿಮೆ. ಹರಡನ್ನು ಸುತ್ತಿ ಬಾಗುವ ಹಗ್ಗಗಳು ಎಲ್ಲೋ ಒಂದು ಕಡೆ ಆ ಕೋನವನ್ನು ದಾಟಲೇಬೇಕು. ಪತ್ತೆ ಹಚ್ಚುವುದು ಸುಲಭ: ಇನ್ನೂ ತಡವಾಗಿ ಕೇಳಿಸಿಕೊಂಡ ಚಿತ್ರ ತೆಗೆದು ನೋಡಬೇಕು. ನಿಜವಾದ ಕಾಯಿಲೆಯಾದರೆ ಅಲ್ಲೂ ಉಳಿಯುತ್ತದೆ, ಕೋನದ ಆಟವಾದರೆ ಕಪ್ಪಾಗಿಬಿಡುತ್ತದೆ. ನಿಮ್ಮ ಸಿಡಿಯಲ್ಲೇ ಆ ಚಿತ್ರ ಇತ್ತು. ಕಪ್ಪು, ಇದ್ದಲಿನಷ್ಟು ಕಪ್ಪು. ನಾನು ಡಾಕ್ಟರಲ್ಲ, ಚಿತ್ರ ತೆಗೆಯುವವಳು. ಅದಕ್ಕೇ ನಮ್ಮಲ್ಲಿ ಚಿತ್ರ ಓದುವ ಡಾಕ್ಟರೊಬ್ಬರಿಗೂ ತೋರಿಸಿದೆ. ಅವರೂ ನಕ್ಕು ಅದನ್ನೇ ಹೇಳಿದರು. ನೀವು ನಿಮ್ಮ ಮೂಳೆ ಡಾಕ್ಟರ ಹತ್ತಿರ ಈ ಮಾತು ಕೇಳಿ.

ಒಂದು ಗುಟ್ಟು. ಹೋದ ವರ್ಷ ಹೊಸ ಸ್ಕ್ಯಾನ್ ವಿಧಾನ ಪರೀಕ್ಷೆ ಮಾಡುವಾಗ ನಾನೇ ಒಳಗೆ ಮಲಗಿದ್ದೆ. ನನ್ನ ಎಡಗಾಲಿನ ಹಗ್ಗದಲ್ಲೂ ಬೂದು ಗೆರೆ ಇದೆ! ನೋವು ಒಂದು ಚೂರೂ ಇಲ್ಲ, ದಿನಾ ಟ್ರಾಮ್ ಹಿಡಿಯಲು ಓಡುತ್ತೇನೆ. ನೋವಿಲ್ಲದವರಲ್ಲೂ ಹೀಗೆ ಕಾಣುತ್ತದೆ, ನೋವು ಹೋದ ಮೇಲೂ ಎಷ್ಟೋ ತಿಂಗಳು ಚಿತ್ರ ಹಾಗೇ ಇರುವುದುಂಟು. ಚಿತ್ರ ತೋರಿಸುವುದು ಹಗ್ಗವನ್ನು, ನೋವನ್ನಲ್ಲ. ಹಾಗಾಗಿ ಮೂರು ತಿಂಗಳಿಗೆ ಮತ್ತೊಂದು ಸ್ಕ್ಯಾನ್ ಅಂತ ಸುಮ್ನೆ ದುಡ್ಡು ಸುರಿಯಬೇಡಿ.

ಚಿಕ್ಕಪ್ಪ ಹೇಳಿದ ಇಂಜೆಕ್ಷನ್ ವಿಚಾರ. ಸ್ಟೆರಾಯ್ಡ್ ಆದರೆ ಬೇಡ ಅಂತ ನಾನು ಕೈಮುಗಿಯುತ್ತೇನೆ. ಈ ಹಗ್ಗಕ್ಕೆ ಚುಚ್ಚಿದರೆ ಹರಿಯುವ ಅಪಾಯ ಇದೆ. ಇನ್ನೂ ಒಂದು: ಹೋದ ವರ್ಷ ಉರಿಮೂತ್ರಕ್ಕೆ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ತಗೊಂಡಿರಿ. ಆ ಜಾತಿಯ ಮಾತ್ರೆಗಳು ಹಿಮ್ಮಡಿ ಹಗ್ಗಕ್ಕೆ ತೊಂದರೆ ಮಾಡಬಹುದು, 60 ದಾಟಿದವರಿಗೆ ಜಾಸ್ತಿ. ಅಮೆರಿಕದ ಔಷಧ ಇಲಾಖೆ 2008ರಲ್ಲೇ ಇದರ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಡಾಕ್ಟರಿಗೆ ತಪ್ಪದೆ ಹೇಳಿ. ಎಣ್ಣೆ ತಿಕ್ಕಿಸಿಕೊಳ್ಳುವುದಾದರೆ ತಿಕ್ಕಿಸಿಕೊಳ್ಳಿ, ಅಮ್ಮನಿಗೂ ಸಮಾಧಾನ.

ಮಾಡಬೇಕಾದ್ದು ಇದು, ಪಿ.ಟಿ. ಮೇಷ್ಟ್ರೇ. ಜಗುಲಿ ಮೆಟ್ಟಿಲ ಅಂಚಿನಲ್ಲಿ ಮುಂಗಾಲಲ್ಲಿ ನಿಲ್ಲಿ, ಕಂಬ ಹಿಡಿದುಕೊಳ್ಳಿ. ಎರಡೂ ಕಾಲಲ್ಲಿ ಮೇಲೆ ಏಳಿ. ಭಾರವನ್ನೆಲ್ಲ ನೋವಿನ ಕಾಲಿಗೆ ಹಾಕಿ ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸಿ. ಮಂಡಿ ನೆಟ್ಟಗಿಟ್ಟು 15ರ ಹಾಗೆ ಮೂರು ಸಲ, ಮಂಡಿ ಬಗ್ಗಿಸಿ ಮತ್ತೆ ಅಷ್ಟೇ. ದಿನಕ್ಕೆರಡು ಹೊತ್ತು, 12 ವಾರ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ ಅನ್ನುವ ಡಾಕ್ಟರು 1998ರಲ್ಲಿ ಇದನ್ನು ಪ್ರಕಟಿಸಿದರು. ಒಟ್ಟು ದಿನಕ್ಕೆ 180 ಆಗುತ್ತದೆ. ಮೊದಲ ದಿನವೇ ಅಷ್ಟೂ ಮಾಡಿ ಹಟ ತೋರಿಸಬೇಡಿ. ಫಿಸಿಯೋ ಹತ್ತಿರ ಒಂದು ಸಲ ತೋರಿಸಿ, ಅವರು ಹೇಳಿದಷ್ಟರಿಂದ ಶುರುಮಾಡಿ.

ಊರಿನ ಸುದ್ದಿ ಸ್ವಲ್ಪ. ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಈ ಮಷೀನನ್ನು ಕಟ್ಟಿದವರಲ್ಲಿ ಒಬ್ಬರಾದ ಪೀಟರ್ ಮ್ಯಾನ್ಸ್‌ಫೀಲ್ಡ್ ಇದೇ ಊರಿನ ವಿಶ್ವವಿದ್ಯಾಲಯದಲ್ಲಿದ್ದವರು. 15ನೇ ವಯಸ್ಸಿಗೆ ಶಾಲೆ ಬಿಟ್ಟಿದ್ದರಂತೆ, ವಿಜ್ಞಾನ ನಿನಗಲ್ಲ ಅಂತ ಮೇಷ್ಟ್ರೊಬ್ಬರು ಹೇಳಿದ್ದರಂತೆ. 1978ರಲ್ಲಿ ಇಡೀ ಮೈ ಹಿಡಿಸುವ ಮಷೀನು ಸಿದ್ಧವಾದಾಗ ಮೊದಲು ಒಳಗೆ ಹೋಗಿ ನಿಂತದ್ದು ಅವರೇ. 2003ರಲ್ಲಿ ನೊಬೆಲ್ ಬಂತು. ನಿಮ್ಮಂಥ ಮೇಷ್ಟ್ರುಗಳಿಗೆ ಈ ಕಥೆ ಹೇಳಿ ರೇಗಿಸಲು ನನಗೆ ಖುಷಿ.

ನನಗೆ ಹಿಡಿಸಿದ ಇನ್ನೊಂದು ಸಂಗತಿ ಡೆನ್ಮಾರ್ಕಿನವರದ್ದು, 2013ರದು. 1950-60ರ ದಶಕದಲ್ಲಿ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಎಲ್ಲರ ಮೈಯೊಳಗೂ ಸೇರಿದೆ. ಹಿಮ್ಮಡಿ ಹಗ್ಗದಲ್ಲಿ ಅದನ್ನು ಅಳೆದು ಆ ಭಾಗ ಯಾವ ಕಾಲದಲ್ಲಿ ಬೆಳೆದದ್ದು ಅಂತ ಲೆಕ್ಕ ಹಾಕಿದರೆ, ಒಳಗಿನ ತಿರುಳು ಸುಮಾರು 17 ವರ್ಷದವರೆಗೆ ಬೆಳೆದದ್ದೇ, ಆಮೇಲೆ ಹೊಸದಾಗುವುದು ಇಲ್ಲವೆನ್ನುವಷ್ಟು ಕಡಿಮೆ ಅಂತ ಗೊತ್ತಾಯಿತು. ಅಂದರೆ ನಿಮ್ಮ ಕಾಲಲ್ಲಿ ಈಗ ಇರುವುದು ಖೊಖೊ ಆಡುತ್ತಿದ್ದ ಆ ಹುಡುಗನ ಹಗ್ಗವೇ. 47 ವರ್ಷ ದುಡಿಸಿದ್ದೀರಿ ಅದನ್ನ. ಅಮ್ಮನ ಹತ್ತಿರ ಈ ಭಾಗ ಗಟ್ಟಿಯಾಗಿ ಓದಿಸಿ.

ಅಂದಹಾಗೆ ಸ್ಕ್ಯಾನಿಗೆ ಮುಂಚೆ ಉಡುದಾರ ಬಿಚ್ಚಲ್ಲ ಅಂತ ಹಟ ಹಿಡಿದಿರಂತೆ, ಕೊನೆಗೆ ಅಲ್ಲಿನ ಹುಡುಗ ಕತ್ತರಿಸಿದನಂತೆ. ಪಾಪ, ಅವನ ಮೇಲೆ ಕೋಪ ಬೇಡ. ಭೂಮಿಯ ಅಯಸ್ಕಾಂತಕ್ಕಿಂತ 30,000 ಪಟ್ಟು ಜೋರಿರುವ ಮಷೀನು ಅದು. ಮೈಮೇಲಿನ ಲೋಹವನ್ನೆಲ್ಲ ತೆಗೆಸುವುದೇ ನಮ್ಮ ಕೆಲಸದ ಅರ್ಧ. ಇಲ್ಲಿನ ಅಜ್ಜಿಯರೂ ಉಂಗುರ ಬಿಚ್ಚಲು ಹೀಗೇ ಜಗಳ ಆಡುತ್ತಾರೆ.

ಅಮ್ಮಾ, ಅಪ್ಪನಿಗೆ ಹೊಸ ಉಡುದಾರ ತಂದೆಯಾ? ತಂದಿಲ್ಲದಿದ್ದರೆ ಪುಟ್ಟನಿಗೆ ಹೇಳು. ಭಾನುವಾರ ಫೋನ್ ಮಾಡುತ್ತೇನೆ, ಫೋನನ್ನು ಮೆಟ್ಟಿಲ ಹತ್ತಿರ ಹಿಡಿದುಕೊಂಡು ನಿಲ್ಲು. ಎಣಿಸುವುದು ನಾನು.

ನಿಮ್ಮ ಮಗಳು