ಹಗ್ಗ ಅಷ್ಟೇ, ಜಾಗ ಬೇರೆ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಪ್ರೌಢಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಓದಿಸುವುದು ಶುರುವಾಗುತ್ತದೆ. ಅನುತ್ತೀರ್ಣರಾಗುವ ಭಯದಲ್ಲಿರುವ ಮಕ್ಕಳಿಗೆ ಅದರಿಂದ ನೆರವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಯ್ದ ಪ್ರಶ್ನೆಗಳನ್ನೇ ಬರೆದು ಬರೆದು ಬಾಯಿಪಾಠ ಮಾಡಿಸುವ ಅದೇ ರೂಢಿ ಕೆಳಗಿನ ತರಗತಿಗಳಿಗೂ ಇಳಿದಿರುವುದನ್ನು ಕಂಡು, ಮೂರು ದಶಕ ಗಣಿತ ಕಲಿಸಿದ ನನಗೆ ಸಂಕಟವಾಗುತ್ತದೆ.

ಒಮ್ಮೆ ಏಳನೇ ತರಗತಿಯ ಮಕ್ಕಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ 24 ಅಡಿ ಹಗ್ಗ ಕೊಟ್ಟು, ಶಾಲೆಯ ಅಂಗಳದಲ್ಲಿ ಆಯತಾಕಾರದ ಕೈತೋಟವನ್ನು ಗುರುತಿಸಲು ಹೇಳಿದ್ದೆ. ಸುತ್ತಳತೆ, ವಿಸ್ತೀರ್ಣಗಳ ಸೂತ್ರ ಎಲ್ಲರಿಗೂ ಬಾಯಿಗೆ ಬರುತ್ತಿತ್ತು. ಆದರೂ ಹಗ್ಗ ಅಷ್ಟೇ ಇರುವಾಗ ಜಾಗವೂ ಅಷ್ಟೇ ಎಂದು ಬಹುತೇಕರು ವಾದಿಸಿದರು. ನಾನು ತಿದ್ದಲು ಹೋಗಲಿಲ್ಲ. 11 ಅಡಿ ಉದ್ದ, 1 ಅಡಿ ಅಗಲ ಹಿಡಿದವರಿಗೆ ಸಿಕ್ಕಿದ್ದು 11 ಚದರ ಅಡಿ, 8 ಮತ್ತು 4 ಹಿಡಿದವರಿಗೆ 32, ಚೌಕ ಮಾಡಿದವರಿಗೆ 36. ಹಾಗಾದರೆ ಚೌಕವೇ ದೊಡ್ಡದು ಎಂದು ಎಲ್ಲರೂ ಒಪ್ಪುತ್ತಿರುವಾಗ ಹುಡುಗಿಯೊಬ್ಬಳು, ‘ಸರ್, ಗೋಡೆಗೆ ತಾಗಿಸಿ ತೋಟ ಮಾಡಿದರೆ ಆ ಕಡೆಗೆ ಹಗ್ಗ ಯಾಕೆ ಬೇಕು?’ ಎಂದಳು. ಮೂರೇ ಬದಿಗೆ 6, 12, 6 ಅಡಿಯಂತೆ ಹಿಡಿದಾಗ ತೋಟ 72 ಚದರ ಅಡಿಯಾಯಿತು. ಗೋಡೆಗೆ ತಾಗಿಸಿದ ಚೌಕಕ್ಕೆ ಬಂದದ್ದು 64 ಮಾತ್ರ. ಆಗಷ್ಟೇ ಮಾಡಿದ ತೀರ್ಮಾನವನ್ನು ಮಕ್ಕಳು ತಾವೇ ಮತ್ತೆ ಪರೀಕ್ಷಿಸಬೇಕಾಯಿತು. ಇಷ್ಟಕ್ಕೆ ತಗಲಿದ್ದು ಎರಡು ಪೀರಿಯಡ್.

ಹೀಗೆ ಮಕ್ಕಳೇ ಮಾಡಿ ನೋಡಿ ಕಲಿಯುವುದು ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ವಿಧಾನದಲ್ಲಿ ಮಗು ತನ್ನ ವೇಗದಲ್ಲಿ, ಗುಂಪಿನಲ್ಲಿ, ಕಾರ್ಡು ಹಿಡಿದು, ಗೆಳೆಯರಿಂದಲೂ ಕೇಳಿ ಕಲಿಯುತ್ತದೆ. ಮೂರನೇ ತರಗತಿ ಮುಗಿಯುತ್ತಲೇ ಆ ವಿಧಾನವೂ ಮುಗಿದು, ನಾಲ್ಕರಿಂದ ಪಠ್ಯಪುಸ್ತಕದ ಪ್ರಶ್ನೆಗೆ ಬೋರ್ಡಿನ ಉತ್ತರವನ್ನು ನಕಲು ಮಾಡುವ ಕೆಲಸ ಶುರುವಾಗುತ್ತದೆ.

ಸಿಲೆಬಸ್ ಮುಗಿಸುವ ಒತ್ತಡ ಶಿಕ್ಷಕರಿಗೆ ಎಷ್ಟಿದೆಯೆಂದು ನಾನು ಬಲ್ಲೆ. ಆದ್ದರಿಂದ ನಾಲ್ಕರಿಂದ ಒಂಬತ್ತನೇ ತರಗತಿಯವರೆಗೆ ವಾರಕ್ಕೆ ಎರಡು ಪೀರಿಯಡ್‌ಗಳನ್ನಾದರೂ ಹಲವು ದಾರಿಗಳಿರುವ ಒಂದೇ ಸಮಸ್ಯೆಗೆ ಮೀಸಲಿಡುವಂತೆ ಇಲಾಖೆಯೇ ವೇಳಾಪಟ್ಟಿಯಲ್ಲಿ ನಮೂದಿಸಬೇಕು. ಸುತ್ತಲಿನ ಕೆಲವು ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಭೆಗಳಲ್ಲಿ ಮಾಹಿತಿ ಭರ್ತಿಯ ಚರ್ಚೆಯನ್ನು ಕಡಿಮೆ ಮಾಡಿ, ಮಕ್ಕಳ ತಪ್ಪು ಉತ್ತರಗಳನ್ನು ಮುಂದಿಟ್ಟುಕೊಂಡು ಶಿಕ್ಷಕರು ಮಾತನಾಡಲು ಅವಕಾಶ ಕೊಡಬೇಕು. ಎಸ್ಸೆಸ್ಸೆಲ್ಸಿಯ 80 ಅಂಕಗಳ ಪತ್ರಿಕೆಯಲ್ಲಿ, ಎಲ್ಲಿಯೂ ಮುದ್ರಿತವಾಗಿರದ, ಯಾವ ದಾರಿಯಿಂದ ಬಿಡಿಸಿದರೂ ಅಂಕ ಸಿಗುವ ಒಂದೆರಡು ಪ್ರಶ್ನೆಗಳಿರಲಿ.

— ನಿವೃತ್ತ ಗಣಿತ ಶಿಕ್ಷಕ, ಮೈಸೂರು ಜಿಲ್ಲೆ