ನೆಟ್‌ನಲ್ಲಿ ಆಡೋ ಕಾರ್ಡೆಲ್ಲ ಇಸ್ಪೀಟಲ್ಲ

ಸಂಪಾದಕರಿಗೆ ನಮಸ್ಕಾರ.

ನೆಟ್‌ನಲ್ಲಿ ಕಾರ್ಡ್ ಆಡುವುದನ್ನೆಲ್ಲ ಒಟ್ಟಿಗೆ ಬಂದ್ ಮಾಡಿಸಬೇಕು ಅಂತ ಹಿರಿಯರೊಬ್ಬರು ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟು ಸುಳ್ಳಲ್ಲ. ಮೊಬೈಲ್ ರಮ್ಮಿಗೆ ಬಿದ್ದು ಬೈಕು ಮಾರಿಕೊಂಡವನು ನಮ್ಮ ಬೀದಿಯಲ್ಲೇ ಇದ್ದಾನೆ. ಆದರೆ ನಾನೂ ವಾರಕ್ಕೊಂದು ರಾತ್ರಿ ನೆಟ್‌ನಲ್ಲಿ ಕಾರ್ಡ್ ಆಡುವವನೇ. ಹತ್ತು ವರ್ಷದ ಮೇಲಾಯಿತು, ಒಂದು ರೂಪಾಯಿ ಗೆದ್ದಿಲ್ಲ, ಒಂದು ರೂಪಾಯಿ ಸೋತೂ ಇಲ್ಲ. ಅದಕ್ಕೇ ಈ ಪತ್ರ.

ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. ರಿಚರ್ಡ್ ಗಾರ್ಫೀಲ್ಡ್ ಅಂತ ಗಣಿತ ಓದಿದವರೊಬ್ಬರು ಮಾಡಿದ್ದು, 1993ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಇಸ್ಪೀಟಿನಲ್ಲಿ ಎಲ್ಲರಿಗೂ ಅದೇ 52 ಎಲೆ. ಇಲ್ಲಿ ಸಾವಿರಾರು ಬೇರೆ ಬೇರೆ ಕಾರ್ಡುಗಳಿವೆ, ಅವುಗಳಲ್ಲಿ ಬೇಕಾದ್ದನ್ನು ಆರಿಸಿ 60 ಕಾರ್ಡಿನ ಕಟ್ಟನ್ನು ನೀವೇ ಜೋಡಿಸಿಕೊಳ್ಳಬೇಕು. ಶುರುವಿಗೆ ಕೈಯಲ್ಲಿ 7 ಕಾರ್ಡು, ಇಬ್ಬರಿಗೂ 20 ಪ್ರಾಣ. ಎದುರಿನವನ ಪ್ರಾಣ ಸೊನ್ನೆಗೆ ಇಳಿಸಿದರೆ ಗೆದ್ದಿರಿ. ಹೇಳುವುದಕ್ಕೆ ಇಷ್ಟೇ, ಆಡೋಕೆ ಕೂತರೆ ತಲೆ ಬಿಸಿಯಾಗುತ್ತೆ.

ನಾನು ಇದನ್ನು ಕಲಿತದ್ದು ಹಾಸನದಲ್ಲಿ, ಇಂಜಿನಿಯರಿಂಗ್ ಓದುವಾಗ. ಸೀನಿಯರ್ ಒಬ್ಬರ ಹತ್ತಿರ ಒಂದಷ್ಟು ನಿಜವಾದ ಕಾರ್ಡುಗಳಿದ್ದವು, ನಮ್ಮ ಹತ್ತಿರ ದುಡ್ಡಿರಲಿಲ್ಲ. ಜೆರಾಕ್ಸ್ ಮಾಡಿಸಿ, ಕತ್ತರಿಸಿ, ಹಳೇ ಇಸ್ಪೀಟ್ ಎಲೆಗಳ ಮೇಲೆ ಅಂಟಿಸಿಕೊಂಡು ಆಡುತ್ತಿದ್ದೆವು. ಒಂದು ದಿನ ವಾರ್ಡನ್ ಬಂದರು. ಇದು ಇಸ್ಪೀಟಲ್ಲ ಸರ್ ಅಂತ ನಾವು ಎಷ್ಟು ಹೇಳಿದರೂ, ಅವರು ಒಂದು ಕಾರ್ಡಿನ ಮೂಲೆ ಕಿತ್ತು ನೋಡಿದರೆ ಕೆಳಗೆ ಆಟೀನ್ ರಾಣಿ! ಅವತ್ತು ಬೈಸಿಕೊಂಡದ್ದು ಇನ್ನೂ ನೆನಪಿದೆ.

ಆಮೇಲೆ ಈ ಆಟವನ್ನು ನೆಟ್‌ನಲ್ಲಿ ಆಡೋಕೆ ಸಿಕ್ಕಿದ್ದು ಕಾಕಟ್ರೈಸ್. ಇದು ಆಟದ ಕಂಪನಿ ಮಾಡಿದ್ದಲ್ಲ, ಅಭಿಮಾನಿಗಳೇ ಬಿಡುವಿನ ವೇಳೆಯಲ್ಲಿ ಬರೆದು ಪುಕ್ಕಟೆ ಕೊಟ್ಟಿರುವ ಸಾಫ್ಟ್‌ವೇರ್. ಕೋಡ್ ಕೂಡ ತೆರೆದೇ ಇದೆ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಇದಕ್ಕೆ ಆಟದ ನಿಯಮ ಗೊತ್ತೇ ಇಲ್ಲ. ತೆರೆಯ ಮೇಲೆ ಒಂದು ಮೇಜು ಹಾಕಿಕೊಡುತ್ತದೆ, ಅಷ್ಟೇ. ಕಾರ್ಡ್ ಎಳೆಯುವುದು, ಅಡ್ಡ ತಿರುಗಿಸುವುದು, ಪ್ರಾಣ ಕಳೆಯುವುದು ಎಲ್ಲ ನೀವೇ ಮಾಡಬೇಕು. ಮೋಸ ಮಾಡಲ್ವಾ ಅಂತ ಕೇಳ್ತೀರಿ. ಯಾರು ಏನು ಮಾಡಿದರೂ ಪಕ್ಕದಲ್ಲಿ ಒಂದೊಂದು ಸಾಲು ಬರುತ್ತಾ ಹೋಗುತ್ತದೆ, ಕದ್ದರೆ ಸಿಕ್ಕಿಬೀಳುತ್ತೀರಿ. ಜಗಳ ಬಂದರೆ ಕಾರ್ಡಿನ ಮೇಲಿನ ಬರಹ ಮತ್ತೆ ಓದಿ ಇಬ್ಬರೂ ಕೂತು ತೀರ್ಮಾನ ಮಾಡಿಕೊಳ್ಳಬೇಕು. ನಿಯಮವನ್ನೂ ತಾವೇ ನೋಡಿಕೊಳ್ಳುವ ಫೋರ್ಜ್, ಎಕ್ಸ್‌ಮೇಜ್ ಅನ್ನುವ ಅಭಿಮಾನಿ ಸಾಫ್ಟ್‌ವೇರ್‌ಗಳೂ ಇವೆ. ಫೋರ್ಜ್‌ನಲ್ಲಿ ನೆಟ್ ಇಲ್ಲದೆ ಕಂಪ್ಯೂಟರ್ ಜೊತೆಗೇ ಆಡಬಹುದು. ನನಗೆ ಮಾತ್ರ ಜಗಳ ಇರುವ ಕಾಕಟ್ರೈಸೇ ಇಷ್ಟ.

ನಾನೀಗ ಇರುವುದು ಸಕಲೇಶಪುರದ ಹತ್ತಿರದ ಹಳ್ಳಿಯಲ್ಲಿ. ಆಷಾಢದ ಮಳೆ ಹಿಡಿದರೆ ಇಲ್ಲಿ ಕರೆಂಟ್ ಹೋದದ್ದು ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ, ನೆಟ್‌ವರ್ಕ್ ಒಂದು ಕಡ್ಡಿ ಇದ್ದರೆ ಅದೇ ಭಾಗ್ಯ. ಅಷ್ಟರಲ್ಲೇ ಹಳೇ ಲ್ಯಾಪ್‌ಟಾಪಿನಲ್ಲಿ ಇದು ಓಡುತ್ತದೆ, ಚಿತ್ರ ಇಳಿಯದಿದ್ದರೆ ಬರೀ ಹೆಸರಿನಲ್ಲೇ ಆಡುತ್ತೇವೆ. ಗೆಳೆಯರಲ್ಲಿ ಒಬ್ಬ ಚಿಕ್ಕಮಗಳೂರು, ಇಬ್ಬರು ಬೆಂಗಳೂರು. ಇದಿಲ್ಲದಿದ್ದರೆ ವರ್ಷಕ್ಕೊಮ್ಮೆ ಯಾರದೋ ಮದುವೆಯಲ್ಲಿ ಸಿಕ್ಕಿ ಊಟ ಮಾಡಿ ಹೋಗುವವರು ನಾವು.

ಇನ್ನೊಂದು ಮಜಾ ಇದೆ. ಇದರಲ್ಲಿ ನಮ್ಮದೇ ಕಾರ್ಡ್ ಸೇರಿಸಬಹುದು, ಒಂದು ಫೈಲ್ ಬರೆದು ಎಲ್ಲರೂ ಅದನ್ನೇ ಹಾಕಿಕೊಂಡರೆ ಆಯಿತು. ಹಂಗಾಗಿ ನಾವು ಕನ್ನಡದಲ್ಲೇ ಒಂದು ಕಟ್ಟು ಮಾಡಿಕೊಂಡಿದ್ದೇವೆ. ಇಂಬಳ: ಪುಟ್ಟ ಜೀವಿ, ಕಚ್ಚಿದ್ದೇ ಗೊತ್ತಾಗಲ್ಲ, ಪ್ರತಿ ಸರದಿಗೆ ಒಂದು ಪ್ರಾಣ ಹೀರುತ್ತದೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ: ಸರಿಯಾದ ಹೊತ್ತಿಗೆ ಬಿದ್ದರೆ ಎರಡರಷ್ಟು ಫಸಲು, ತಡವಾದರೆ ಏನೂ ಇಲ್ಲ. ಕಾಡಾನೆ ಬಂದರೆ ಮೇಜಿನ ಮೇಲಿರುವ ಬೇಲಿಗಳೆಲ್ಲ ಚಿತ್ತು, ಯಾರ ಬೇಲಿ ಅಂತ ಅದು ನೋಡಲ್ಲ. ಕೊನೆಯದನ್ನು ಬರೆದವನ ತೋಟಕ್ಕೆ ಅದರ ಹಿಂದಿನ ವಾರವಷ್ಟೇ ಆನೆ ನುಗ್ಗಿತ್ತು.

ಹಾಗಂತ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಮೂಲ ಕಾರ್ಡುಗಳ ಚಿತ್ರ, ಹೆಸರು ಕಂಪನಿಯ ಸ್ವತ್ತು, ಅವರು ಬೇಡ ಅಂದರೆ ಕಷ್ಟ. ಯೂ-ಗಿ-ಓ ಅನ್ನುವ ಇನ್ನೊಂದು ಕಾರ್ಡ್ ಆಟಕ್ಕೆ ಅಭಿಮಾನಿಗಳು ನಡೆಸುತ್ತಿದ್ದ ಡ್ಯುಯೆಲಿಂಗ್ ನೆಟ್‌ವರ್ಕ್ ಅನ್ನುವ ತಾಣ 2016ರಲ್ಲಿ ಮುಚ್ಚಿಹೋಯಿತು. ಅದಕ್ಕೆ ತಿರುಗಾಮುರುಗಾ ಆದದ್ದೂ ಇದೆ. ನೆಟ್‌ರನ್ನರ್ ಅನ್ನುವ ಕಾರ್ಡ್ ಆಟವನ್ನು ಅದರ ಕಂಪನಿ 2018ರಲ್ಲಿ ಕೈಬಿಟ್ಟಿತು, ಅಭಿಮಾನಿಗಳೇ ಹೊಸ ಕಾರ್ಡು ಮಾಡಿ ಇವತ್ತಿಗೂ ಉಳಿಸಿಕೊಂಡಿದ್ದಾರೆ. ನನ್ನ ಲೆಕ್ಕ ಇಷ್ಟು: ಇದರಿಂದ ಯಾರೂ ದುಡ್ಡು ಮಾಡಬಾರದು, ಕೈಯಲ್ಲಿ ಕಾಸಿದ್ದವರು ನಿಜವಾದ ಕಾರ್ಡೂ ಕೊಳ್ಳಬೇಕು. ಸಂಬಳ ಬಂದ ಮೇಲೆ ನಾನೂ ಕೊಂಡಿದ್ದೇನೆ.

ಕೊಂಡ ಮೇಲೆ ಗೊತ್ತಾದ ಮಾತು ಒಂದಿದೆ, ಹಿರಿಯರು ಅದನ್ನು ಬರೆದಿದ್ದರೆ ನಾನೂ ತಲೆಯಾಡಿಸುತ್ತಿದ್ದೆ. ಅಂಗಡಿಯಲ್ಲಿ ಈ ಕಾರ್ಡು ಮುಚ್ಚಿದ ಪೊಟ್ಟಣದಲ್ಲಿ ಬರುತ್ತದೆ, ಒಳಗೆ ಏನಿದೆ ಅಂತ ಒಡೆಯುವ ತನಕ ಗೊತ್ತಿಲ್ಲ. ಒಳ್ಳೇದು ಬರಲಿಲ್ಲ ಅಂತ ಇನ್ನೊಂದು, ಮತ್ತೊಂದು. ಜೂಜಿನ ವಾಸನೆ ಇರುವುದು ಅಲ್ಲಿ. ಕಾಕಟ್ರೈಸ್‌ನಲ್ಲಿ ಪೊಟ್ಟಣ ಮಾರುವವರೇ ಇಲ್ಲ, ಎಲ್ಲ ಕಾರ್ಡೂ ಎಲ್ಲರಿಗೂ ಸಿಗುತ್ತವೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೂಡ ದುಡ್ಡು ಕಟ್ಟಿ ಆಡುವ ಆಟವನ್ನು ಬೇರೆ ಇಟ್ಟಿದೆ, ಸುಮ್ನೆ ಖುಷಿಗೆ ಆಡುವುದನ್ನು ಬೇರೆ ಇಟ್ಟಿದೆ. ನಿಮ್ಮಲ್ಲಿ ನನ್ನ ಕೋರಿಕೆಯೂ ಅದೇ. ಮುಂದಿನ ಸಲ ಇಂಥ ಸುದ್ದಿ ಬಂದಾಗ ತಲೆಬರಹದಲ್ಲಿ 'ಆನ್‌ಲೈನ್ ಕಾರ್ಡ್ ಆಟ' ಅಂತ ಹಾಕುವ ಬದಲು 'ದುಡ್ಡು ಕಟ್ಟುವ ಆಟ' ಅಂತ ಹಾಕಿ. ನಮ್ಮಮ್ಮ ನಿಮ್ಮ ಪತ್ರಿಕೆಯನ್ನು ಬಿಡದೆ ಓದುತ್ತಾರೆ, ಹೋದ ವಾರದ ಆ ಪತ್ರ ಓದಿದ ಮೇಲೆ ನಾನು ಲ್ಯಾಪ್‌ಟಾಪ್ ತೆಗೆದರೆ ಸಾಕು, ಹಿಂದೆ ಬಂದು ನಿಲ್ಲುತ್ತಿದ್ದಾರೆ.

ಇಂತಿ,
ನಿಮ್ಮ ಓದುಗ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ